ಕುಪ್ಪಳಿಯ ಪುಟ್ಟಪ್ಪ: ಪ್ರಾಣಿಯ ಕಡೆಯಿಂದ ಕಥೆ ಹೇಳಹೊರಟವರಿಗೆ ಒಂದು ಜೀವನಚಿತ್ರ

ಪ್ರಾಯೋಗಿಕ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಕಥಾಪಾಠಕ್ಕೆ ರಾಮಾಯಣ, ಮಹಾಭಾರತ, ಪುರಾಣಗಳ ಪ್ರಸಂಗಗಳನ್ನು ಆರಿಸಿಕೊಳ್ಳುವುದುಂಟು. ಮಕ್ಕಳಿಗೆ ಆ ಕಥೆಗಳು ಮೊದಲೇ ಗೊತ್ತಿರುತ್ತವೆ. ಹಾಗಾಗಿ ಹೊಸತನ ತರಲು ಅಳಿಲಿನ ಬಾಯಲ್ಲಿ ಸೇತುಬಂಧ, ಜಟಾಯುವಿನ ಬಾಯಲ್ಲಿ ಸೀತಾಪಹರಣ ಹೇಳಿಸುತ್ತಾರೆ. ಆಲೋಚನೆ ಒಳ್ಳೆಯದೇ. ಆದರೆ ಎಷ್ಟೋ ಸಲ ಅಳಿಲು ಮಾತಾಡತೊಡಗಿದೊಡನೆ ಒಬ್ಬ ಪುಟ್ಟ ಮುಖ್ಯೋಪಾಧ್ಯಾಯರಂತೆ ಉಪದೇಶ ಮಾಡತೊಡಗುತ್ತದೆ. ಅಳಿಲು ಹೇಗೆ ಓಡುತ್ತದೆ, ಯಾವುದಕ್ಕೆ ಬೆಚ್ಚುತ್ತದೆ, ಅದರ ಕಣ್ಣಿಗೆ ಒಂದು ಬಂಡೆ ಎಷ್ಟು ದೊಡ್ಡದು ಎಂಬುದೊಂದೂ ಕಥೆಯಲ್ಲಿ ಬರುವುದಿಲ್ಲ.

ಈ ಕೊರತೆಯನ್ನು ತುಂಬಿಕೊಳ್ಳಲು ನಮ್ಮ ನೆರೆಯಲ್ಲೇ ಒಬ್ಬ ಮೇಷ್ಟ್ರಿದ್ದಾರೆ. ಅವರು ಕುವೆಂಪು. ರಾಮಾಯಣವನ್ನು ಪ್ರಾಣಿಯೊಂದರ ಬಾಯಲ್ಲಿ ಹೇಳಿಸಿದ ಮಕ್ಕಳ ಪುಸ್ತಕದಿಂದ ಅವರು ಹೆಸರಾದವರಲ್ಲ. ಆದರೆ ಹಳೆಯ ಕಥೆಯನ್ನು ಯಾರೂ ನಿಲ್ಲದ ಕಡೆ ನಿಂತು ನೋಡುವುದು, ನಾಯಿಯನ್ನೂ ಇಲಿಯನ್ನೂ ಹೆಸರಿಟ್ಟು ನೆಂಟಸ್ತಿಕೆ ಕೊಟ್ಟು ಕರೆಯುವುದು ಅವರ ಇಡೀ ಬರವಣಿಗೆಯಲ್ಲಿದೆ. ಅದು ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಅವರ ಬದುಕನ್ನೇ ನೋಡಬೇಕು.

ಕಾಡಿನ ನಡುವಿನ ಮನೆ

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಅದು ತಾಯಿ ಸೀತಮ್ಮನವರ ತವರು. ಬೆಳೆದದ್ದು ತಂದೆ ವೆಂಕಟಪ್ಪಗೌಡರ ಊರಾದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಇಂದು ಕವಿಮನೆ ಎಂದು ನಾವು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಆ ದೊಡ್ಡ ಮನೆಯ ಮುಂದೆ ಅಡಕೆ ತೋಟ, ಹಿಂದೆ ಗುಡ್ಡ, ಸುತ್ತ ಕಾಡು. ಮಲೆನಾಡಿನ ಅಂಥ ಮನೆಗಳಲ್ಲಿ ಪ್ರಾಣಿಗಳಿಲ್ಲದ ಗಳಿಗೆಯೇ ಇರಲಿಲ್ಲ. ಕೊಟ್ಟಿಗೆಯಲ್ಲಿ ದನಕರು, ಅಂಗಳದಲ್ಲಿ ಕೋಳಿ, ಜಗಲಿಯ ಕೆಳಗೆ ನಾಯಿ, ರಾತ್ರಿ ಗದ್ದೆಗೆ ಇಳಿಯುವ ಹಂದಿ, ಕೊಟ್ಟಿಗೆಗೇ ಕಣ್ಣು ಹಾಕುವ ಹುಲಿ. ಬೇಟೆ ಆ ಬದುಕಿನ ಒಂದು ಭಾಗ. ಪ್ರಾಣಿಯನ್ನು ಪ್ರೀತಿಸುವುದೂ ಕೊಲ್ಲುವುದೂ ಒಂದೇ ಮನೆಯಲ್ಲಿ ನಡೆಯುತ್ತಿತ್ತು. 1933ರಲ್ಲಿ ಪ್ರಕಟವಾದ 'ಮಲೆನಾಡಿನ ಚಿತ್ರಗಳು' ಓದಿದವರಿಗೆ ಈ ಎರಡೂ ಮುಖಗಳು ಕಾಣುತ್ತವೆ.

ಪುಟ್ಟಪ್ಪನವರ ಮೊದಲ ಪಾಠಗಳು ಮನೆಯಲ್ಲೇ ನಡೆದವು. ದಕ್ಷಿಣ ಕನ್ನಡದ ಕಡೆಯಿಂದ ಬಂದ ಮೇಷ್ಟ್ರೊಬ್ಬರು ಮನೆಯ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಆ ಕಾಲದ ಮಲೆನಾಡಿನಲ್ಲಿ ಮಳೆಗಾಲದ ರಾತ್ರಿಗಳಲ್ಲಿ ತೊರವೆ ರಾಮಾಯಣವನ್ನೋ ಜೈಮಿನಿ ಭಾರತವನ್ನೋ ಓದಿಸಿ ಕೇಳುವ ರೂಢಿಯಿತ್ತು. ಮಳೆ ನಿಂತ ಮೇಲೆ ಬಯಲಾಟ. ಹೀಗೆ ರಾಮಾಯಣ ಆ ಹುಡುಗರಿಗೆ ಪಠ್ಯವಾಗಿ ಬರುವ ಮೊದಲು ದನಿಯಾಗಿ ಬರುತ್ತಿತ್ತು. ಕಥೆಯಲ್ಲಿ ದಂಡಕಾರಣ್ಯ ಎಂದಾಗ ಮನೆಯ ಹಿಂದಿನ ಕಾಡೇ ಕಣ್ಣ ಮುಂದೆ ಬರುವುದು, ಜಿಂಕೆ ಎಂದಾಗ ನಿನ್ನೆ ಕಂಡ ಜಿಂಕೆಯೇ ಬರುವುದು ಸಹಜ. ಕಲಿಕೆಯ ಪೂರ್ವಜ್ಞಾನ ಎಂದು ನಾವು ಪಾಠಯೋಜನೆಯಲ್ಲಿ ಒಂದು ಸಾಲು ಬರೆಯುತ್ತೇವಲ್ಲ, ಅದು ಆ ಮಕ್ಕಳಲ್ಲಿ ಇಷ್ಟು ಗಟ್ಟಿಯಾಗಿತ್ತು.

ಹನ್ನೆರಡು ವರ್ಷದವರಿದ್ದಾಗ ತಂದೆ ತೀರಿಕೊಂಡರು. ತೀರ್ಥಹಳ್ಳಿಯ ಎ.ವಿ. ಶಾಲೆಯಲ್ಲಿ ಓದಿ, ಮುಂದೆ ಮೈಸೂರಿನ ವೆಸ್ಲಿಯನ್ ಹೈಸ್ಕೂಲು ಸೇರಿದರು. ಕಾಡಿನ ಹುಡುಗ ಪೇಟೆಗೆ ಬಂದು ಇಂಗ್ಲಿಷಿನ ಮೋಹಕ್ಕೆ ಬಿದ್ದ. 1922ರಲ್ಲಿ ಅಚ್ಚಾದ ಅವರ ಮೊದಲ ಪುಸ್ತಕ 'ಬಿಗಿನರ್ಸ್ ಮ್ಯೂಸ್' ಇಂಗ್ಲಿಷ್ ಕವನಗಳದು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಪುಟ್ಟಪ್ಪ ತಮ್ಮ ಕವಿತೆಗಳನ್ನು ತೋರಿಸಿದರು. ಮಾತೃಭಾಷೆಯಲ್ಲಿ ಬರೆಯುವಂತೆ ಕಸಿನ್ಸ್ ಹೇಳಿದರು. ಆ ಹೊತ್ತಿಗೆ ಬೇಸರವಾದರೂ ಆ ಮಾತು ಫಲ ಕೊಟ್ಟಿತು. ಕಲಿಸುವವರು ಹೊತ್ತಿಗೆ ಸರಿಯಾಗಿ ಆಡಿದ ಒಂದು ಮಾತು ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

ಇಲಿಗಳಿಗೆ ನೆಂಟಸ್ತಿಕೆ

ಮಹಾರಾಜಾ ಕಾಲೇಜಿನಲ್ಲಿ 1927ರಲ್ಲಿ ಬಿ.ಎ., 1929ರಲ್ಲಿ ಕನ್ನಡ ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಅಧ್ಯಾಪಕರಾದರು. ವಿದ್ಯಾರ್ಥಿಯಾಗಿದ್ದ ಕಾಲದಲ್ಲೇ ಮಕ್ಕಳಿಗಾಗಿ ಬರೆಯತೊಡಗಿದ್ದರು. 'ಅಮಲನ ಕಥೆ', 'ಮೋಡಣ್ಣನ ತಮ್ಮ', 'ನನ್ನ ಗೋಪಾಲ', 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಆ ಬರವಣಿಗೆಯ ಫಲ. ದೊಡ್ಡ ಕವಿಯೊಬ್ಬ ಬಿಡುವಿನಲ್ಲಿ ಮಾಡಿದ ಸಣ್ಣ ಕೆಲಸ ಎಂದು ಇವನ್ನು ಪಕ್ಕಕ್ಕಿಡಬಾರದು. ಅವರು ತಮ್ಮ ದಾರಿ ಕಂಡುಕೊಂಡದ್ದು ಇಲ್ಲಿಯೇ.

'ಕಿಂದರಿಜೋಗಿ'ಯ ಮೂಲ ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ ಬರೆದ ಜರ್ಮನಿಯ ಹ್ಯಾಮೆಲಿನ್ ಊರಿನ ಕಥೆ. ಮೂಲದಲ್ಲಿ ಹರಿಯುವುದು ವೆಸರ್ ನದಿ. ಕುವೆಂಪು ಊರನ್ನು ಎತ್ತಿ ತಂದು ತುಂಗೆಯ ದಡದಲ್ಲಿಟ್ಟರು. ಇಲಿಗಳ ದಂಡು ಹೊರಡುವ ಭಾಗವನ್ನು ತರಗತಿಯಲ್ಲಿ ಓದಿಸಿದವರಿಗೆ ಗೊತ್ತು: ಅಲ್ಲಿ ಇಲಿಗಳು ಒಂದು ರಾಶಿಯಾಗಿ ಬರುವುದಿಲ್ಲ. ಅಣ್ಣ, ತಮ್ಮ, ಅಕ್ಕ, ತಂಗಿ, ಮಾವ, ಭಾವ ಎಂದು ನೆಂಟಸ್ತಿಕೆ ಹಿಡಿದು ಬರುತ್ತವೆ. ಬ್ರೌನಿಂಗನಲ್ಲೂ ಇಲಿಗಳಿಗೆ ಸಂಬಂಧಗಳಿವೆ. ಆದರೆ ಕನ್ನಡದ ಕೂಡುಕುಟುಂಬದ ಸಂಬಂಧವಾಚಕಗಳು ಸೇರಿದಾಗ ಅವು ನಮ್ಮ ಅಟ್ಟದ ಇಲಿಗಳೇ ಆದವು. ಊರಿಗೆ ಪೀಡೆಯಾದ ಪ್ರಾಣಿಯೂ ತನ್ನ ಮನೆಯಲ್ಲಿ ಅಣ್ಣನೋ ಅವ್ವನೋ ಆಗಿರುತ್ತದೆ ಎಂಬುದು ಮಗುವಿಗೆ ನಗುತ್ತ ನಗುತ್ತಲೇ ತಿಳಿಯುತ್ತದೆ. ಇಲಿಗಳು ನದಿಯಲ್ಲಿ ಮುಳುಗುವುದು ಮಾತ್ರ ತಪ್ಪುವುದಿಲ್ಲ. ಕರುಣೆ ತೋರಲು ಕವಿ ಕಥೆಯ ಘಟನೆಯನ್ನು ಬದಲಿಸಲಿಲ್ಲ.

'ನನ್ನ ಗೋಪಾಲ' ಭಕ್ತಿಕಥೆಯೊಂದರ ಮಕ್ಕಳ ನಾಟಕ. ಕಾಡುದಾರಿಯಲ್ಲಿ ಒಬ್ಬನೇ ಹೆದರುತ್ತ ಓದಲು ಹೋಗುವ ಬಡ ಹುಡುಗನಿಗೆ ದನಗಾಹಿಯ ರೂಪದಲ್ಲಿ ದೇವರು ಜೊತೆಯಾಗುವ ಕಥೆ ಅದು. ರಾಮಕೃಷ್ಣ, ವಿವೇಕಾನಂದರ ಪರಂಪರೆಯಲ್ಲಿ ಪ್ರಚಲಿತವಾದದ್ದು. ಕುವೆಂಪು ಮೈಸೂರಿನ ರಾಮಕೃಷ್ಣಾಶ್ರಮಕ್ಕೆ ಹತ್ತಿರದವರು. 1929ರಲ್ಲಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದವರು. ಧರ್ಮದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಅವರು ದೇವರನ್ನು ಗರ್ಭಗುಡಿಯಲ್ಲಿ ನಿಲ್ಲಿಸಲಿಲ್ಲ, ಓದಲು ಹೋಗುವ ಹುಡುಗನ ಪಕ್ಕದಲ್ಲಿ ನಡೆಸಿದರು. ಹೊಸನಗರದ ಹಿನ್ನೀರಿನಾಚೆಯಿಂದಲೋ ಆಗುಂಬೆಯ ಕಡೆಯಿಂದಲೋ ಕಾಡು ಹಾದು ಶಾಲೆಗೆ ಬರುವ ಮಗುವಿಗೆ ಈ ಕಥೆ ತನ್ನದೆನಿಸುವುದರಲ್ಲಿ ಆಶ್ಚರ್ಯವಿಲ್ಲ.

ಹಳೆಯ ಕಥೆ, ಬೇರೆ ಕಡೆಯಿಂದ

1936ರಿಂದ 1946ರವರೆಗೆ, ಬೆಂಗಳೂರು ಮತ್ತು ಮೈಸೂರಿನಲ್ಲಿ ಪಾಠ ಮಾಡುತ್ತಲೇ, 'ಶ್ರೀರಾಮಾಯಣ ದರ್ಶನಂ' ಬರೆದರು. ಅದರ ನಡುವೆ 1937ರಲ್ಲಿ ಹೇಮಾವತಿಯವರೊಂದಿಗೆ ಮದುವೆಯಾಯಿತು. ನಾಲ್ಕು ಸಂಪುಟ, ಐವತ್ತು ಸಂಚಿಕೆ, ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಸಾಲುಗಳ ಆ ಮಹಾಕಾವ್ಯ 1949ರಲ್ಲಿ ಹೊರಬಂತು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ 1967ನೇ ಸಾಲಿನ ಜ್ಞಾನಪೀಠವನ್ನೂ ತಂದಿತು.

ಆ ಕಾವ್ಯದಲ್ಲಿ ನಮಗೆ ಬೇಕಾದ ಪಾಠ ಮಂಥರೆಯದು. ಶತಮಾನಗಳಿಂದ ಎಲ್ಲರೂ ಬೈದ ಆ ಮುದುಕಿಯ ಪಕ್ಕದಲ್ಲಿ ಕುವೆಂಪು ಹೋಗಿ ನಿಂತರು. ಅಲ್ಲಿಂದ ನೋಡಿದಾಗ ಅವಳ ಕೃತ್ಯಕ್ಕೆ ಕಾರಣವಾಗಿ ಕಂಡದ್ದು ದ್ವೇಷವಲ್ಲ, ತಾನು ಸಾಕಿದವರ ಮೇಲಿನ ಕುರುಡು ಮಮತೆ. ರಾಮ ಕಾಡಿಗೆ ಹೋಗುವುದು ಹೋಗಿಯೇ ಹೋಗುತ್ತಾನೆ. ಮಂಥರೆ ಮಾಡಿದ್ದು ಒಳ್ಳೆಯದೆಂದೂ ಕವಿ ಹೇಳುವುದಿಲ್ಲ. ಘಟನೆ ಅದೇ, ನೋಡುವ ಸ್ಥಳ ಬೇರೆ. ಊರ್ಮಿಳೆಗೂ ಹೀಗೆಯೇ ಒಂದು ತಪಸ್ಸು ಸಿಕ್ಕಿತು. 1944ರ 'ಶೂದ್ರ ತಪಸ್ವಿ'ಯಲ್ಲಿ ಶಂಬೂಕನ ಕಡೆಯಿಂದ, 1947ರ 'ಬೆರಳ್‌ಗೆ ಕೊರಳ್' ನಾಟಕದಲ್ಲಿ ಏಕಲವ್ಯನ ಕಡೆಯಿಂದ ನೋಡಿದರು. ಶಂಬೂಕನ ಕಥೆಯನ್ನು ಅವರು ಮಾರ್ಪಡಿಸಿದ್ದಕ್ಕೆ ಸಾಹಿತ್ಯಲೋಕದ ಹಿರಿಯರಿಂದಲೇ ಆಕ್ಷೇಪ ಬಂತು. ಪುರಾಣದ ಕಥೆಯನ್ನು ಮುಟ್ಟುವುದು ಸುಲಭದ ಮಾತಲ್ಲ ಎಂಬ ಅರಿವು ತರಗತಿಗೆ ಹೋಗುವ ನಮಗೂ ಇರಬೇಕು.

ಏಕಲವ್ಯನ ಕಥೆಯಲ್ಲಿ ಒಂದು ನಾಯಿಯೂ ಇದೆ. ವ್ಯಾಸಭಾರತದ ಆದಿಪರ್ವದಲ್ಲಿ ಪಾಂಡವರ ಬೇಟೆನಾಯಿ ಕಾಡಿನಲ್ಲಿ ಏಕಲವ್ಯನನ್ನು ಕಂಡು ಬೊಗಳುತ್ತದೆ. ಅವನು ಏಳು ಬಾಣಗಳಿಂದ ಅದರ ಬಾಯಿ ಮುಚ್ಚಿಸುತ್ತಾನೆ. ಬಾಯಲ್ಲಿ ಬಾಣ ಹೊತ್ತ ನಾಯಿ ಯಜಮಾನರ ಬಳಿಗೆ ಓಡುತ್ತದೆ. ಅದನ್ನು ಕಂಡೇ ಅರ್ಜುನನಿಗೆ ಅಸೂಯೆ, ದ್ರೋಣರಿಗೆ ಸಂಕಟ, ಕೊನೆಗೆ ಏಕಲವ್ಯನ ಹೆಬ್ಬೆರಳು. ನಾಯಿ ಮಾಡಿದ್ದು ನಾಯಿಯ ಕೆಲಸ ಮಾತ್ರ. ಆಮೇಲೆ ಅದೇನಾಯಿತು ಎಂದು ತರಗತಿಯಲ್ಲಿ ಕೇಳಿ ನೋಡಿ. ಮಕ್ಕಳಲ್ಲಿ ಒಬ್ಬರಾದರೂ ಬಾಣ ತೆಗೆದವರು ಯಾರು ಎಂದು ಮರುಪ್ರಶ್ನೆ ಹಾಕುತ್ತಾರೆ.

ಹುಲಿಯ

ಕುವೆಂಪು 1955ರಲ್ಲಿ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾದರು, 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿ ಆ ಹುದ್ದೆಗೇರಿದವರಲ್ಲಿ ಅವರೇ ಮೊದಲಿಗರು. ಮಾನಸಗಂಗೋತ್ರಿ ಅವರ ಕನಸು. ಕನ್ನಡದಲ್ಲಿ ಕಾಲೇಜು ಶಿಕ್ಷಣ ಕೊಡಲು, ಅದಕ್ಕೆ ಬೇಕಾದ ಪುಸ್ತಕಗಳನ್ನು ಬರೆಸಲು ದುಡಿದರು. ಮಗು ತನ್ನ ನುಡಿಯಲ್ಲಿ ಯೋಚಿಸದಿದ್ದರೆ ತನ್ನ ಅನುಭವವನ್ನು ಪಾಠಕ್ಕೆ ತರಲಾರದು ಎಂಬ ನಂಬಿಕೆ ಅದರ ಹಿಂದಿತ್ತು.

ನಿವೃತ್ತಿಯ ನಂತರ 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಪ್ರಕಟವಾಯಿತು. ಅದರ ಆರಂಭದಲ್ಲೇ ಲೇಖಕರು ತಮ್ಮ ನಿಲುವು ಹೇಳಿಬಿಡುತ್ತಾರೆ: ಈ ಜಗತ್ತಿನಲ್ಲಿ ಮುಖ್ಯರು, ಅಮುಖ್ಯರು ಎಂಬುದಿಲ್ಲ, ಯಾವುದೂ ತೃಣವಲ್ಲ. ಆ ನಿಲುವಿಗೆ ತಕ್ಕಂತೆ ಕಾದಂಬರಿಯಲ್ಲಿ ಸಿಂಬಾವಿಯ ಜೀತದಾಳು ಗುತ್ತಿಯೂ ಅವನ ನಾಯಿ ಹುಲಿಯನೂ ದೊಡ್ಡ ಮನೆಗಳ ಗೌಡರಷ್ಟೇ ಮುಖ್ಯರು. ನಾಯಿ ಸದಾ ಬೆನ್ನಿಗಿರುವುದರಿಂದ ಗುತ್ತಿಗೆ ನಾಯಿಗುತ್ತಿ ಎಂದೇ ಹೆಸರು. ಹುಲಿಯ ಎಲ್ಲಿಯೂ ಮನುಷ್ಯರ ಭಾಷೆಯಲ್ಲಿ ಮಾತಾಡುವುದಿಲ್ಲ. ಅದು ಮೂಸುತ್ತದೆ, ಕಾಯುತ್ತದೆ, ಮುನಿಯುತ್ತದೆ, ಬಾಲವಾಡಿಸುತ್ತದೆ. ಆದರೂ ಅದರ ಮನಸ್ಸಿನಲ್ಲಿರುವುದು ಓದುಗರಿಗೆ ಗೊತ್ತಾಗುತ್ತದೆ. ಕಾದಂಬರಿಯ ಕೊನೆಯ ಭಾಗದಲ್ಲಿ ನೆರೆಬಂದ ತುಂಗೆ ಹುಲಿಯನನ್ನು ಒಯ್ದುಬಿಡುತ್ತದೆ. ಓದುಗರು ಎಷ್ಟೋ ಮನುಷ್ಯ ಪಾತ್ರಗಳನ್ನು ಮರೆತರೂ ಆ ನಾಯಿಯನ್ನು ಮರೆಯುವುದಿಲ್ಲ.

ಮಹಾಭಾರತದ ಕೊನೆಯಲ್ಲೂ ಒಬ್ಬ ರಾಜನ ಬೆನ್ನಿಗೆ ಒಂದು ನಾಯಿ ನಡೆಯುತ್ತದೆ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದು ಧರ್ಮರಾಯ ನಿಲ್ಲುತ್ತಾನೆ. ಕೊನೆಗೆ ಆ ನಾಯಿ ಧರ್ಮದೇವತೆಯೆಂದು ತಿಳಿಯುತ್ತದೆ. ಹುಲಿಯ ಯಾವ ದೇವತೆಯೂ ಆಗುವುದಿಲ್ಲ. ನಾಯಿಯಾಗಿಯೇ ಬದುಕಿ ನಾಯಿಯಾಗಿಯೇ ಹೋಗುತ್ತದೆ. ಪ್ರಾಣಿಗೆ ಬೆಲೆ ಬರಲು ಅದು ದೇವರ ವೇಷವೇ ಆಗಿರಬೇಕಿಲ್ಲ ಎಂಬುದು ಎರಡು ಕಥೆಗಳನ್ನೂ ಪಕ್ಕಪಕ್ಕದಲ್ಲಿಟ್ಟಾಗ ಕಾಣುತ್ತದೆ.

ಮೈಸೂರಿನ ಉದಯರವಿಯಲ್ಲಿ ಬಹುಕಾಲ ಬಾಳಿದ ಕುವೆಂಪು 1994ರ ನವೆಂಬರ್ 11ರಂದು ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ಕುಪ್ಪಳಿಯ ಕವಿಶೈಲದಲ್ಲಿ, ಬಾಲ್ಯದಲ್ಲಿ ಹತ್ತಿಳಿದ ಅದೇ ಗುಡ್ಡದ ಮೇಲೆ.

ತರಗತಿಗೆ ಇದರಿಂದೇನು?

ಈ ಬದುಕಿನಿಂದ ಕಥಾಪಾಠಕ್ಕೆ ನಾಲ್ಕು ಸೂತ್ರಗಳನ್ನು ತೆಗೆದುಕೊಳ್ಳಬಹುದು.

ಮೊದಲನೆಯದು, ಘಟನೆ ಬದಲಾಗದಿರಲಿ, ನೋಡುವ ಸ್ಥಳ ಬದಲಾಗಲಿ. ಮಕ್ಕಳ ಮನೆಗಳಲ್ಲಿ ಈ ಕಥೆಗಳ ಬಗ್ಗೆ ಭಕ್ತಿಯಿದೆ. ತಿಳಿದ ಕಥೆಯನ್ನು ತಿಳಿದಂತೆ ಮೊದಲು ಹೇಳಿ, ಆಮೇಲೆ ಪ್ರಾಣಿಯ ಕಡೆಗೆ ಹೋಗುವುದು ಕ್ರಮ. ಎರಡನೆಯದು, ಆ ಪ್ರಾಣಿ ಕಂಡದ್ದು, ಕೇಳಿದ್ದು, ಮೂಸಿದ್ದು ಮಾತ್ರ ಅದಕ್ಕೆ ಗೊತ್ತಿರಲಿ. ಜಟಾಯುವಿಗೆ ಅಯೋಧ್ಯೆಯ ಅಂತಃಪುರದ ಸುದ್ದಿ ಬೇಡ. ಮೂರನೆಯದು, ಕಥೆಗೆ ಮೊದಲು ಆ ಪ್ರಾಣಿಯನ್ನು ಗಮನಿಸುವ ಚಟುವಟಿಕೆ ಇರಲಿ. ಈ ಕೆಲಸದಲ್ಲಿ ಮಕ್ಕಳೇ ನಮಗಿಂತ ಬಲ್ಲವರು. ನಾಲ್ಕನೆಯದು, ಕೊನೆಗೆ ನೀತಿ ಹೇಳುವ ಅವಸರ ಬೇಡ. ಒಂದು ಪ್ರಶ್ನೆ ಸಾಕು.

ಸಾಮಗ್ರಿಗೆ ದೂರ ಹೋಗಬೇಕಿಲ್ಲ. ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಹುತ್ತದ ಮೇಲೆ ಹಾಲು ಸುರಿಸಿ ಲಿಂಗದ ಸುಳಿವು ಕೊಟ್ಟ ಹಸುವಿನ ಐತಿಹ್ಯವಿದೆ. ಆ ಹೊತ್ತಿನಲ್ಲಿ ಅದರ ಕರು ಎಲ್ಲಿತ್ತು? ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ಪದ್ಮಾವತಿ ದೇವಿಯ ಸನ್ನಿಧಿಯಿದೆ. ಜೈನ ಪುರಾಣದಂತೆ ತಾಪಸನೊಬ್ಬನ ಬೆಂಕಿಯಲ್ಲಿ ಉರಿಯುತ್ತಿದ್ದ ಕೊರಡಿನೊಳಗೆ ಎರಡು ಹಾವುಗಳಿವೆಯೆಂದು ಪಾರ್ಶ್ವನಾಥ ಅರಿತ. ಆ ಹಾವುಗಳೇ ಮುಂದೆ ಧರಣೇಂದ್ರ, ಪದ್ಮಾವತಿಯರಾಗಿ ಅವನಿಗೆ ಹೆಡೆಯ ನೆರಳಾದರು. ಕೊರಡಿನ ಒಳಗಿನಿಂದ ಆ ಬೆಂಕಿ ಹೇಗಿದ್ದಿರಬಹುದು? ಬೇರೆ ಧರ್ಮಗ್ರಂಥಗಳಲ್ಲೂ ಇಂಥ ಪ್ರಸಂಗಗಳಿವೆ. ಬೈಬಲಿನಲ್ಲಿ ಬಿಳಾಮನಿಗೆ ಕಾಣದ ದೇವದೂತ ಅವನ ಕತ್ತೆಗೆ ಮೊದಲು ಕಾಣುತ್ತಾನೆ. ಕುರ್‌ಆನಿನಲ್ಲಿ ಸುಲೈಮಾನರ ಸೈನ್ಯ ಬರುತ್ತಿದೆ, ತುಳಿತಕ್ಕೆ ಸಿಗದೆ ಗೂಡು ಸೇರಿರೆಂದು ಇರುವೆಯೊಂದು ತನ್ನವರನ್ನು ಎಚ್ಚರಿಸುತ್ತದೆ. ನಮ್ಮ ತರಗತಿಗಳಲ್ಲಿ ಎಲ್ಲ ಮನೆಗಳ ಮಕ್ಕಳೂ ಇರುವುದರಿಂದ ಎಲ್ಲರ ಕಥೆಗಳಿಗೂ ಸರದಿ ಬರಬೇಕು.

ತೀರ್ಥಹಳ್ಳಿ ತಾಲ್ಲೂಕಿಗೆ ಮೃಗವಧೆಯಿದೆ. ಮಾಯಾಮೃಗವಾಗಿ ಬಂದ ಮಾರೀಚನನ್ನು ರಾಮ ಕೊಂದದ್ದು ಅಲ್ಲಿ ಎಂಬುದು ಊರಿನ ನಂಬಿಕೆ. ಈ ಪ್ರಸಂಗದಲ್ಲಿ ವಾಲ್ಮೀಕಿ ಒಂದು ಸಣ್ಣ ಸಂಗತಿ ಹೇಳುತ್ತಾನೆ. ನಾವು ಅದನ್ನು ಓದಿಯೂ ದಾಟಿಬಿಡುತ್ತೇವೆ. ಚಿನ್ನದ ಜಿಂಕೆ ಆಶ್ರಮದ ಬಳಿ ಸುಳಿದಾಡುತ್ತಿದ್ದಾಗ ಕಾಡಿನ ಬೇರೆ ಜಿಂಕೆಗಳು ಹತ್ತಿರ ಬಂದು ಅದನ್ನು ಮೂಸಿ ನೋಡಿ ದಿಕ್ಕಾಪಾಲಾಗಿ ಓಡಿಹೋಗುತ್ತವೆ. ಸೀತೆಯ ಕಣ್ಣಿಗೆ ಚಿನ್ನವಾಗಿ ಕಂಡದ್ದು ಜಿಂಕೆಗಳ ಮೂಗಿಗೆ ರಾಕ್ಷಸನಾಗಿ ತಿಳಿಯಿತು. ನಿಜ ಅವಕ್ಕೆ ಗೊತ್ತಿತ್ತು. ಅವನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಮುಂದಿನ ಪ್ರಾಯೋಗಿಕ ಬೋಧನೆಯಲ್ಲಿ ಆರನೆಯ ಅಥವಾ ಏಳನೆಯ ತರಗತಿಗೆ ಇದನ್ನೇ ಒಂದು ಅವಧಿಯ ಪಾಠವಾಗಿ ತೆಗೆದುಕೊಳ್ಳಬಹುದು. ಹತ್ತು ನಿಮಿಷ ತಿಳಿದ ಕಥೆ. ಹತ್ತು ನಿಮಿಷ ಜಿಂಕೆಯ ಕಿವಿ, ಮೂಗು, ಕಣ್ಣುಗಳ ಬಗ್ಗೆ ಮಕ್ಕಳು ಬಲ್ಲದ್ದನ್ನು ಅವರಿಂದಲೇ ಹೇಳಿಸುವುದು. ಉಳಿದ ಹೊತ್ತು ಓಡಿಹೋದ ಜಿಂಕೆಗಳಲ್ಲಿ ಒಂದಾಗಿ ಕಥೆ ಹೇಳುವುದು. ವೀಕ್ಷಣೆಗೆ ಕೂತ ಸಹಪಾಠಿಗಳು ಒಂದು ಸಂಗತಿಯನ್ನು ಬರೆದಿಟ್ಟುಕೊಳ್ಳಲಿ: ದಿನವೂ ಬಾಯಿ ಬಿಡದ ಮಕ್ಕಳಲ್ಲಿ ಆ ದಿನ ಎಷ್ಟು ಮಂದಿ ಮಾತಾಡಿದರು? ಗೊತ್ತಿದ್ದೂ ಯಾರೂ ಕೇಳದೆ ಉಳಿದವರು ನಮ್ಮ ಹಿಂದಿನ ಬೆಂಚುಗಳಲ್ಲೂ ಇದ್ದಾರೆ. ನಾಯಿಗುತ್ತಿಗೂ ಹುಲಿಯನಿಗೂ ಮಹಾಕಾದಂಬರಿಯೊಂದರಲ್ಲಿ ಜಾಗ ಕೊಟ್ಟ ಕುಪ್ಪಳಿಯ ಮೇಷ್ಟ್ರು ನಮ್ಮ ಪಾಠವನ್ನು ಅಳೆಯುವುದಾದರೆ ಅಲ್ಲಿಂದಲೇ ಅಳೆಯುತ್ತಿದ್ದರು.